ಕರೆಂಟು ಉಳಿಸ್ರಿ ಅಂತ ಯಾರಿಗೆ ಹೇಳ್ತೀರಿ?



ವಿದ್ಯುತ್ ಉಳಿಸಿರಿ ಎಂದು ಕರೆಂಟ್ ಆಫೀಸಿನ ಗೋಡೆಗೆ ಬರೆದಿರುತ್ತಾರೆ. ರೇಡಿಯೋದಲ್ಲಿ ಹೇಳುತ್ತಾರೆ, ಟೀವಿಯಲ್ಲಿ ಹೇಳುತ್ತಾರೆ. ಹೇಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಈ ಮಾತನ್ನು ಯಾರಿಗೆ ಹೇಳುತ್ತಿದ್ದಾರೆ ಎಂಬುದನ್ನು ನಾವು ಒಮ್ಮೆ ಕೂತು ವಿಚಾರ ಮಾಡಬೇಕು. ಬೆಂಗಳೂರಿನ ಬಂಗಲೆಯಲ್ಲಿ ಮೂರು ಏಸಿ, ಎರಡು ಫ್ರಿಜ್ಜು, ಬಚ್ಚಲಿಗೊಂದು ಗೀಜರು. ನೇಸರಗಿ ಹೋಬಳಿಯ ಕೂಲಿ ಹೆಣ್ಣುಮಗಳ ಮನೆಯಲ್ಲಿ ಎರಡು ಬಲ್ಬು, ಕರಕರ ಅನ್ನುವ ಒಂದು ಫ್ಯಾನು, ಮೂರು ಕಲ್ಲಿನ ಒಲೆ. ಇಬ್ಬರಿಗೂ ಒಂದೇ ಉಪದೇಶ. ಬಂಗಲೆಯವನಿಗೆ ಉಪದೇಶದ ಸಂಗಡ ಸಬ್ಸಿಡಿಯೂ ಹೋಗುತ್ತದೆ. ನಮ್ಮ ಹೆಣ್ಣುಮಗಳಿಗೆ ಉಪದೇಶ ಮಾತ್ರ.

ಉಳಿಸಬೇಕಂದ್ರ ಮೊದಲು ಕೈಯಾಗ ರೊಕ್ಕ ಇರಬೇಕು ನೋಡ್ರಿ. ಕಡಿಮೆ ಕರೆಂಟು ತಿನ್ನುವ ಫ್ಯಾನು ತುಟ್ಟಿ. ಕಡಿಮೆ ಕಟ್ಟಿಗೆ ತಿನ್ನುವ ಒಲೆ ಕಟ್ಟಲು ಕಸಬು ತಿಳಿದ ಗೌಂಡಿ ಬೇಕು. ಕಾಯದ ಸೂರು ಹಾಕಿಸಲು ತಗಡಿಗಿಂತ ಹೆಚ್ಚು ಖರ್ಚು. ಬಡವರ ಮನೆಯಲ್ಲಿ ಇರುವುದೆಲ್ಲ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಸಾಮಾನು, ಹೆಚ್ಚು ಉಣ್ಣುವುದೂ ಅದೇ ಸಾಮಾನು. ಹೀಗಾಗಿ ಎಲ್ಲಿ ಒಂದು ಯೂನಿಟ್ಟು, ಒಂದು ಹೊರೆ ಕಟ್ಟಿಗೆ ಉಳಿಯುವುದು ಹೆಚ್ಚು ಅವಶ್ಯವೋ ಅಲ್ಲಿಗೆ ಸರ್ಕಾರದ ಯೋಜನೆ ಹೋಗಿ ಮುಟ್ಟುವುದಿಲ್ಲ. ನಾನು ಹೇಳುವುದಿಷ್ಟೆ: ಇದು ಮರೆತು ಆದದ್ದಲ್ಲ, ಯೋಜನೆಗಳ ನಿಯಮದಲ್ಲೇ ಹೀಗೆ ಬರೆದಿದ್ದಾರೆ. ಒಂದೊಂದಾಗಿ ನೋಡೋಣ.

ಗೃಹಜ್ಯೋತಿಯಿಂದಲೇ ಸುರು ಮಾಡುತ್ತೇನೆ. 2023ರ ಜುಲೈಯಿಂದ ರಾಜ್ಯ ಸರ್ಕಾರ ಮನೆಗಳಿಗೆ 200 ಯೂನಿಟ್ ತನಕ ಕರೆಂಟು ಪುಕ್ಕಟೆ ಎಂದು ಸಾರಿತು. ನಾನು ಈ ಯೋಜನೆಯ ವೈರಿ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಿಲ್ಲು ಕಟ್ಟಲಾಗದೆ ಫ್ಯೂಜ್ ಕೀಳಿಸಿಕೊಂಡ ಮನೆಗಳನ್ನು ಕಂಡವರಿಗೆ ಇದರ ಬೆಲೆ ಗೊತ್ತು. ಆದರೆ 200 ಯೂನಿಟ್ ಎಂಬ ಮಾತಿನ ಕೆಳಗಿನ ಸಣ್ಣ ಅಕ್ಷರ ಎಷ್ಟು ಜನ ಓದಿದ್ದೀರಿ? ಎಲ್ಲರಿಗೂ 200 ಇಲ್ಲ. 2022-23ರ ಹನ್ನೆರಡು ತಿಂಗಳಲ್ಲಿ ನೀವು ಸರಾಸರಿ ಎಷ್ಟು ಸುಟ್ಟಿದ್ದಿರೋ ಅಷ್ಟು, ಅದರ ಮೇಲೆ ನೂರಕ್ಕೆ ಹತ್ತು. ಅಂದರೆ ತಿಂಗಳಿಗೆ 180 ಯೂನಿಟ್ ಸುಡುತ್ತಿದ್ದ ಮನೆಗೆ 198 ಪುಕ್ಕಟೆ. ತಿಂಗಳಿಗೆ 20 ಯೂನಿಟ್ ಸುಡುತ್ತಿದ್ದ ಮನೆಗೆ 22. ಅದಕ್ಕೆ ಮೇಲೆ ಸುಟ್ಟರೆ ಸುಟ್ಟಷ್ಟಕ್ಕೆ ರೊಕ್ಕ ಎಣಿಸಬೇಕು.

ಇದೆಂಥ ನ್ಯಾಯ ಸ್ವಾಮಿ? ಆ ಇಪ್ಪತ್ತು ಯೂನಿಟ್ಟಿನ ಮನೆಯಾಕೆ ಆ ವರ್ಷ ಏನು ಮಾಡಿದ್ದಳು? ಬಿಲ್ಲಿಗೆ ಹೆದರಿ ಫ್ಯಾನು ಇದ್ದೂ ತಿರುಗಿಸದೆ ಸೆರಗಿನಿಂದ ಗಾಳಿ ಬೀಸಿಕೊಂಡು ಮಲಗಿದ್ದಳು. ಊಟ ಆದ ಕೂಡಲೇ ದೀಪ ಆರಿಸಿದ್ದಳು. ಗೋಡೆಯ ಮೇಲೆ ಬರೆದ ಉಪದೇಶವನ್ನು ಈ ರಾಜ್ಯದಲ್ಲಿ ಅಕ್ಷರಶಃ ಪಾಲಿಸಿದವಳು ಅವಳೊಬ್ಬಳೇ. ಅದಕ್ಕೆ ಬಹುಮಾನವೆಂದು ಅವಳ ಪಾಲಿಗೆ 22 ಬರೆದರು. 2024ರ ಜನವರಿಯಲ್ಲಿ ಸಚಿವ ಸಂಪುಟಕ್ಕೆ ಸ್ವಲ್ಪ ಬುದ್ಧಿ ಬಂದು, 48 ಯೂನಿಟ್ಟಿಗಿಂತ ಕಡಿಮೆ ಸರಾಸರಿ ಇದ್ದವರಿಗೆ ನೂರಕ್ಕೆ ಹತ್ತರ ಬದಲು ನೇರ ಹತ್ತು ಯೂನಿಟ್ ಎಂದು ತಿದ್ದಿದರು. ಇಪ್ಪತ್ತರವಳಿಗೆ ಮೂವತ್ತಾಯಿತು. ಒಳ್ಳೇದೇ. ಆದರೂ ಮೂವತ್ತು ಎಲ್ಲಿ, ನೂರಾ ತೊಂಬತ್ತೆಂಟು ಎಲ್ಲಿ?

ಹಳೆಯವರಿಗೆ ಭಾಗ್ಯಜ್ಯೋತಿ ನೆನಪಿರಬೇಕು. ಗುಡಿಸಲಿಗೊಂದು ಬಲ್ಬಿನ ಭಾಗ್ಯ. ತಿಂಗಳಿಗೆ 18 ಯೂನಿಟ್ ದಾಟಿದರೆ ಬಿಲ್ಲು. ಆ ಹದಿನೆಂಟನ್ನು ನಲವತ್ತು ಮಾಡಲು 2017ರ ತನಕ ಕಾಯಬೇಕಾಯಿತು. ಬಡವನ ಮನೆಗೆ ಗೇಣು ಹಾಕಿ ಅಳೆದು ಕೊಡುವ ಈ ಚಾಳಿ ಇಂದಿನದಲ್ಲ. ಹೆಸರು ಬದಲಾಗಿ 2002ರಲ್ಲಿ ಹೆಸ್ಕಾಂ ಆಯಿತು, ನಮ್ಮ ಬಾಯಲ್ಲಿ ಅದು ಇನ್ನೂ ಕೆ.ಇ.ಬಿ.ಯೇ, ಚಾಳಿಯೂ ಕೆ.ಇ.ಬಿ.ಯ ಕಾಲದ್ದೇ.

ಈಗ ಲೆಕ್ಕಕ್ಕೆ ಬರ್ರಿ. ಇದು ಮುಖ್ಯ, ಕಾಗದ-ಪೆನ್ಸಿಲ್ ಹಿಡಕೊಂಡೇ ಓದ್ರಿ. ಅರವತ್ತು ವ್ಯಾಟಿನ ಹಳೇ ಬಲ್ಬನ್ನು ದಿನಕ್ಕೆ ಐದು ತಾಸು ಉರಿಸಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ ಒಂಬತ್ತು ವ್ಯಾಟಿನ ಎಲ್ಇಡಿ ಉರಿಸಿದರೆ ಒಂದೂ ಕಾಲು, ಒಂದೂವರೆಯ ನಡುವೆ. ಎಪ್ಪತ್ತೈದು ವ್ಯಾಟಿನ ಸಾದಾ ಫ್ಯಾನು ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ತಿಂಗಳಿಗೆ 27 ಯೂನಿಟ್. ಈಗ ಬಂದಿರುವ ಬಿಎಲ್‌ಡಿಸಿ ಎಂಬ ಹೊಸ ಜಾತಿಯ ಫ್ಯಾನು ಮೂವತ್ತು ವ್ಯಾಟಿನ ಆಸುಪಾಸು. ಅಷ್ಟೇ ತಾಸಿಗೆ 11 ಯೂನಿಟ್ ಸಾಕು.

ಮೂವತ್ತು ಯೂನಿಟ್ಟಿನ ಪಾಲು ಬಂದವಳ ಮನೆಯಲ್ಲಿ ಹಳೇ ಫ್ಯಾನು ಇದ್ದರೆ ಬೇಸಿಗೆಯಲ್ಲಿ ಫ್ಯಾನೊಂದೇ ಇಪ್ಪತ್ತೇಳು ನುಂಗಿತು. ಮೂರು ಎಲ್ಇಡಿ ಹಾಕಿದರೆ ಮಿತಿ ದಾಟಿತು, ಬಿಲ್ಲು ಬಂತು. ಅದೇ ಮನೆಗೆ ಹೊಸ ಫ್ಯಾನು ಕೊಡ್ರಿ: ಫ್ಯಾನು, ದೀಪ ಎರಡೂ ಕೂಡಿ ಹದಿನೈದು. ಇನ್ನೂ ಹದಿನೈದು ಯೂನಿಟ್ ಉಳಿಯಿತು. ಟೀವಿ ಹಾಕಲಿ, ಮಿಕ್ಸರ್ ತಿರುವಲಿ, ಮಕ್ಕಳು ಓದಲಿ. ನೂರಾ ತೊಂಬತ್ತೆಂಟರ ಮನೆಗೆ ಒಳ್ಳೇ ಫ್ಯಾನು ಅಂದರೆ ಒಂದು ಶೋಕಿ. ಮೂವತ್ತರ ಮನೆಗೆ ಅದು ರಾತ್ರಿಯ ನಿದ್ದೆ. ಪುಕ್ಕಟೆ ಯೂನಿಟ್ ಕಡಿಮೆ ಇದ್ದವನಿಗೇ ಕಡಿಮೆ ತಿನ್ನುವ ಸಾಮಾನು ಮೊದಲು ಬೇಕು. ನಮ್ಮ ಯೋಜನಾಕಾರರು ಪುಕ್ಕಟೆ ಯೂನಿಟ್ಟನ್ನು ಒಂದು ಖಾತೆಯಲ್ಲಿ ಬರೆದರು, ಉಳಿತಾಯವನ್ನು ಇನ್ನೊಂದು ಖಾತೆಯಲ್ಲಿ ಬರೆದರು. ಎರಡೂ ಖಾತೆ ಒಂದೇ ಮನೆಯಲ್ಲಿ ಕೂಡಬೇಕೆಂಬುದು ಯಾರಿಗೂ ಹೊಳೆಯಲಿಲ್ಲ.

ಫ್ಯಾನು ತುಟ್ಟಿ, ಎಲ್ಲಿಂದ ಕೊಡೋಣ ಅಂತಾರ. ಸಾದಾ ಫ್ಯಾನಿನ ಹೆಚ್ಚುಕಡಿಮೆ ದುಪ್ಪಟ್ಟು ಬೆಲೆ, ಖರೆ. ಆದರೆ ಬಲ್ಬಿನ ಕಥೆ ಮರೆತರೇನು? 2014ರ ಜನವರಿಯಲ್ಲಿ ಸರ್ಕಾರಿ ಕಂಪನಿ ಇಇಎಸ್ಎಲ್ ಒಂದು ಎಲ್ಇಡಿ ಬಲ್ಬಿಗೆ 310 ರೂಪಾಯಿ ಕೊಟ್ಟು ಖರೀದಿ ಮಾಡುತ್ತಿತ್ತು. ಕೋಟಿಗಟ್ಟಲೆ ಒಮ್ಮೆಲೇ ಕೊಳ್ಳತೊಡಗಿದ ಮೇಲೆ 2016ರಲ್ಲಿ ಅದೇ ಬಲ್ಬು 38 ರೂಪಾಯಿಗೆ ಇಳಿಯಿತು. ಸಗಟು ಕೊಂಡರೆ ಬೆಲೆ ಇಳಿಯುತ್ತದೆ ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಹತ್ತಿಗೆ, ಸೋಯಾಬೀನಿಗೆ ದಲಾಲರು ಮಾಡುವುದೇ ಅದು. 2015ರಲ್ಲಿ ಸುರುವಾದ ಉಜಾಲಾ ಯೋಜನೆಯಲ್ಲಿ ದೇಶದ ತುಂಬ 36 ಕೋಟಿಗೂ ಹೆಚ್ಚು ಬಲ್ಬು ಹಂಚಿದರು. ಅದೇ ಯೋಜನೆಯಲ್ಲಿ ಮಾರಿದ ಫ್ಯಾನು ಎಷ್ಟು ಗೊತ್ತೇನು? ಇಪ್ಪತ್ತನಾಲ್ಕು ಲಕ್ಷದ ಒಳಗೆ. ಬಲ್ಬು ಚೀಲದಲ್ಲಿ ಹಾಕಿಕೊಂಡು ಹೋಗುವ ಸಾಮಾನು, ಎಪ್ಪತ್ತು ರೂಪಾಯಿ ಹೇಗಾದರೂ ಹುಟ್ಟುತ್ತದೆ. ಫ್ಯಾನಿಗೆ ಸಾವಿರದ ಮಾತು. ಕೌಂಟರಿನಲ್ಲಿ ಒಮ್ಮೆಲೇ ಸಾವಿರ ಎಣಿಸಬಲ್ಲವನು ಹಳ್ಳಿಯ ಕೂಲಿಕಾರನಲ್ಲ.

ಬಲ್ಬೂ ಎಲ್ಲರಿಗೆ ಮುಟ್ಟಲಿಲ್ಲ ಎಂದು ಸರ್ಕಾರಕ್ಕೇ ಗೊತ್ತಾಯಿತು. ಅದಕ್ಕೆ 2021ರ ಮಾರ್ಚಿನಲ್ಲಿ ಬಿಹಾರದ ಆರಾದಿಂದ ಗ್ರಾಮ ಉಜಾಲಾ ಎಂದು ಇನ್ನೊಂದನ್ನು ಸುರು ಮಾಡಿದರು. ಹತ್ತು ರೂಪಾಯಿಗೆ ಒಂದು ಬಲ್ಬು, ಮನೆಗೆ ಐದರ ತನಕ. ಆದರೆ ಉರಿಯುವ ಹಳೇ ಬಲ್ಬು ತಂದು ಒಪ್ಪಿಸಬೇಕು! ಸುಟ್ಟುಹೋದ ಬಲ್ಬು ಇಟ್ಟುಕೊಂಡು ಕತ್ತಲಲ್ಲಿ ಕೂತವನಿಗೆ ಆ ಯೋಜನೆಯಲ್ಲಿ ಜಾಗ ಇರಲಿಲ್ಲ. ಮುಂದೆ ಅದು ಕರ್ನಾಟಕಕ್ಕೂ ಬಂತೆಂದು ಸರ್ಕಾರದ ಪ್ರಕಟಣೆ ಹೇಳುತ್ತದೆ. ನಿಮ್ಮ ಓಣಿಯಲ್ಲಿ ಎಷ್ಟು ಮನೆಗೆ ಬಂತು, ನೀವೇ ಎಣಿಸಿ ನೋಡ್ರಿ.

ಇನ್ನು ಮೀಟರಿನ ವಿಷಯ. ಯೋಜನೆಯವರು ಮನೆ ಎಂದರೆ ಆರ್.ಆರ್. ನಂಬರು ಎಂದು ತಿಳಿದಿದ್ದಾರೆ. ನಮ್ಮಲ್ಲಿ ಒಂದು ಆರ್.ಆರ್. ನಂಬರಿನ ಹಿಂದೆ ಮೂರು ಒಲೆ ಇರುತ್ತವೆ. ಅಜ್ಜ ತೀರಿಕೊಂಡು ಹದಿನೈದು ವರ್ಷ ಆಗಿರುತ್ತದೆ, ಮೀಟರು ಇನ್ನೂ ಅಜ್ಜನ ಹೆಸರಲ್ಲಿ. ಅಣ್ಣತಮ್ಮಂದಿರು ಬೇರೆಯಾಗಿ ನಡುಮನೆಗೆ ಗೋಡೆ ಎದ್ದಿರುತ್ತದೆ, ಆದರೆ ಪಂಚಾಯ್ತಿ ಉತಾರ ಒಂದೇ. ಮೂರು ಸಂಸಾರಕ್ಕೂ ಕೂಡಿ ಒಂದೇ ಮಿತಿ. ಮೂವರದೂ ಕೂಡಿ 200 ದಾಟಿತೋ, ಮೂವರಿಗೂ ಏನೂ ಇಲ್ಲ, ಪೂರಾ ಬಿಲ್ಲು. ಬೇರೆ ಮೀಟರು ತೆಗೆಸಬೇಕಂದರೆ ಬೇರೆ ಉತಾರ ಬೇಕು, ಉತಾರಕ್ಕೆ ವಾಟ್ನಿ ಆಗಬೇಕು, ವಾಟ್ನಿಗೆ ಅಣ್ಣತಮ್ಮಂದಿರು ಒಂದೇ ದಿನ ಒಂದೇ ಕಚೇರಿಯಲ್ಲಿ ಕೂತು ಸಹಿ ಮಾಡಬೇಕು. ಅದಾಗುವ ಮಾತೇನ್ರೀ? ಪ್ಯಾಟಿಯಲ್ಲಿ ಅಪಾರ್ಟ್‌ಮೆಂಟಿನ ಒಬ್ಬೊಬ್ಬನಿಗೆ ಒಂದೊಂದು ಮೀಟರು, ಒಬ್ಬೊಬ್ಬನಿಗೆ 200ರ ತನಕ. ಹಳ್ಳಿಯ ಕೂಡು ಮನೆಗೆ ಕೂಡಿ ಬಾಳಿದ್ದೇ ದಂಡ.

ಬಾಕಿಯ ಗತಿಯೂ ಹಾಗೇ. 2023ರ ಜೂನ್ ತನಕದ ಹಳೇ ಬಾಕಿಯನ್ನು ಮೂರು ತಿಂಗಳಲ್ಲಿ ಕಟ್ಟಬೇಕು, ಇಲ್ಲದಿದ್ದರೆ ಕನೆಕ್ಷನ್ ಕಟ್ ಎಂದು ಗೃಹಜ್ಯೋತಿಯ ನಿಯಮದಲ್ಲಿತ್ತು. ಬಾಕಿ ಯಾರ ಮನೆಯಲ್ಲಿ ಇರುತ್ತದೆ? ಬೆಳೆ ಬರದವನ ಮನೆಯಲ್ಲಿ, ಕೂಲಿ ಸಿಗದವನ ಮನೆಯಲ್ಲಿ. ಜ್ಯೋತಿ ಯಾರಿಗೆ ಬೇಕಿತ್ತೋ ಅವರ ಬಾಗಿಲಲ್ಲಿಯೇ ಮೊದಲು ವಸೂಲಿ ನಿಲ್ಲಿಸಿದರು. ಹೊಲದ ಮನೆಗಳವರ ಪಾಡು ಇನ್ನೊಂದು. ನಿರಂತರ ಜ್ಯೋತಿ ಎಂದು ಊರಿಗೆ ಬೇರೆ ಲೈನು ಎಳೆದರು, ಪಂಪಸೆಟ್ಟಿಗೆ ಬೇರೆ ಲೈನು. ಹೊಲದಲ್ಲಿ ಮನೆ ಮಾಡಿಕೊಂಡವರು ಪಂಪಿನ ಲೈನಿಗೇ ಸಿಕ್ಕಿಬಿದ್ದರು. ಅವರಿಗೆ ಉಳಿಸುವ ಮಾತೆಲ್ಲಿ, ರಾತ್ರಿ ಉರಿಸಲಿಕ್ಕೇ ಸರಿಯಾಗಿ ಇಲ್ಲ.

ಇಷ್ಟು ಹೊತ್ತು ಕರೆಂಟಿನ ಮಾತಾಡಿದೆ. ಆದರೆ ಹಳ್ಳಿಯ ಮನೆಯಲ್ಲಿ ಹೆಚ್ಚು ಉರಿಯುವುದು ಕರೆಂಟಲ್ಲ, ಒಲೆ. ಈ ಮಾತನ್ನು ಗಂಡಸರು ಸಭೆಯಲ್ಲಿ ಎತ್ತುವುದಿಲ್ಲ, ಯಾಕಂದರೆ ಹೊಗೆ ಕುಡಿಯುವುದು ಅವರಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಕಟ್ಟಿದರು. ಅಲ್ಲಿಯವರು ತುಮಕೂರು ಜಿಲ್ಲೆಯ ಉಂಗ್ರ ಎಂಬ ಹಳ್ಳಿಗೆ ಹೋಗಿ ಕೂತು, ಮನೆಮನೆಯ ಶಕ್ತಿಯ ಲೆಕ್ಕ ಬರೆದರು. ಹಳ್ಳಿಯ ಶಕ್ತಿಯ ಬಹುಪಾಲು ಅಡಿಗೆಗೆ, ಬಚ್ಚಲ ನೀರಿಗೆ ಹೋಗುತ್ತದೆ, ಅದೂ ಕಟ್ಟಿಗೆಯಿಂದ ಎಂದು ತೋರಿಸಿದರು. ಮೂರು ಕಲ್ಲಿನ ಒಲೆಯಲ್ಲಿ ಹತ್ತು ಪಾಲು ಶಾಖದಲ್ಲಿ ಒಂದು ಪಾಲಷ್ಟೇ ಗಡಿಗೆಗೆ ಹತ್ತುತ್ತದೆ, ಉಳಿದದ್ದು ಗೋಡೆಗೆ, ಗಾಳಿಗೆ, ನಮ್ಮ ತಾಯಂದಿರ ಕಣ್ಣಿಗೆ. ಅದಕ್ಕೆ ಅವರು ಹೊಗೆಕೊಳವೆಯ, ಮೂರು ಬಾಯಿಯ ಅಸ್ತ್ರ ಒಲೆ ಮಾಡಿದರು. ಕಟ್ಟಿಗೆ ಬಹಳ ಉಳಿಯುತ್ತಿತ್ತು. ಇದು ಪ್ಯಾಟಿಯಿಂದ ಹಳ್ಳಿಗೆ ಬಂದ ಒಳ್ಳೆಯ ಕೆಲಸಗಳಲ್ಲಿ ಒಂದು, ಒಪ್ಪಿಕೊಳ್ಳಲೇಬೇಕು.

ಹಾಗಾದರೆ ಆ ಒಲೆಗಳು ಈಗ ಎಲ್ಲಿವೆ? ಎಂಬತ್ತರ ದಶಕದಲ್ಲಿ ದಿಲ್ಲಿ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಎಂದು ಹಿಡಿಯಿತು. ಆಮೇಲೆ ಅದು ಒಲೆಯ ಲೆಕ್ಕವಾಗದೆ ಟಾರ್ಗೆಟ್ಟಿನ ಲೆಕ್ಕವಾಯಿತು. ಇಷ್ಟು ಒಲೆ ಕಟ್ಟಿದೆ ಎಂದು ಬರೆದರೆ ರೊಕ್ಕ ಬರುತ್ತಿತ್ತು. ಆರು ತಿಂಗಳಾದ ಮೇಲೆ ಅದು ಉರಿಯುತ್ತದೋ ಇಲ್ಲವೋ ಯಾರೂ ಕೇಳಲಿಲ್ಲ. ಕೊಳವೆಯಲ್ಲಿ ಮಸಿ ತುಂಬಿದರೆ ತೆಗೆಯುವವನಿಲ್ಲ, ಬಾಯಿ ಒಡೆದರೆ ಮೆತ್ತುವವನಿಲ್ಲ. ಮತ್ತೊಂದು ಮಾತು: ತೆಂಕಣದಲ್ಲಿ ಮುದ್ದೆ, ಅನ್ನ ಬೇಯಿಸುವ ಗಡಿಗೆಗೆ ಹೊಂದಿದ ಒಲೆ ಜೋಳದ ರೊಟ್ಟಿಯ ಹಂಚಿಗೆ ಹೊಂದಬೇಕಂದಿಲ್ಲ. ರೊಟ್ಟಿ ಉಬ್ಬಬೇಕಂದರೆ ಕೆಂಡದ ಮುಖ ಬೇಕು. ಬೈಲಹೊಂಗಲದ, ಸವದತ್ತಿಯ ಹೆಣ್ಣುಮಗಳನ್ನು ಕೂರಿಸಿಕೊಂಡು "ತಾಯಿ, ನಿನಗೆ ಎಂಥ ಒಲಿ ಬೇಕು" ಎಂದು ಒಮ್ಮೆ ಕೇಳಿದ್ದರೆ ಸಾಕಿತ್ತು. 2002ರಲ್ಲಿ ದಿಲ್ಲಿಯವರು ಕಾರ್ಯಕ್ರಮ ಮುಚ್ಚಿ ರಾಜ್ಯಗಳ ತಲೆಗೆ ಕಟ್ಟಿ ಕೈತೊಳೆದುಕೊಂಡರು.

ಆಮೇಲೆ 2016ರಲ್ಲಿ ಉಜ್ವಲಾ ಬಂತು. ಬಡ ಹೆಣ್ಣುಮಗಳ ಹೆಸರಿಗೆ ಗ್ಯಾಸ್ ಕನೆಕ್ಷನ್. ಒಳ್ಳೆಯದು. ಆದರೆ ಸುರುವಿನ ವರ್ಷಗಳಲ್ಲಿ ಒಲೆಯ ರೊಕ್ಕ, ಮೊದಲ ಸಿಲಿಂಡರಿನ ರೊಕ್ಕ ಬಹಳ ಮಂದಿಗೆ ಸಾಲವಾಗಿ ಬಂತು, ಮುಂದಿನ ಸಬ್ಸಿಡಿಯಲ್ಲಿ ಅದನ್ನು ಮುರಿದುಕೊಂಡರು. ಹೊಗೆಯಿಂದ ಬಿಡುಗಡೆ ಎಂದು ಹೇಳಿ ಮತ್ತೊಂದು ಸಾಲದ ಖಾತೆ ತೆಗೆದರು. 2021ರ ಎರಡನೇ ಉಜ್ವಲಾದಲ್ಲಿ ಒಲೆ, ಮೊದಲ ಸಿಲಿಂಡರ್ ಪುಕ್ಕಟೆ ಮಾಡಿದ್ದೇ ಮೊದಲನೆಯದು ತಪ್ಪಿತ್ತು ಎಂಬುದಕ್ಕೆ ಸಾಕ್ಷಿ. ಸರ್ಕಾರದ್ದೇ ಅಂಕಿ ಹೇಳುತ್ತದೆ: 2019-20ರಲ್ಲಿ ಉಜ್ವಲಾ ಮನೆಯವರು ವರ್ಷಕ್ಕೆ ಸರಾಸರಿ ಮೂರು ಸಿಲಿಂಡರ್ ತುಂಬಿಸಿದರು. 2023ರ ಅಕ್ಟೋಬರಿನಲ್ಲಿ ಸಬ್ಸಿಡಿ 300 ರೂಪಾಯಿಗೆ ಏರಿದ ಮೇಲೂ, 2024-25ರಲ್ಲಿ ಅದು ನಾಲ್ಕೂವರೆಯ ಸಮೀಪ ಅಷ್ಟೆ. ಆರು ಜನರ ಮನೆಯಲ್ಲಿ ದಿನಕ್ಕೆ ಇಪ್ಪತ್ತು ರೊಟ್ಟಿ ಬಡಿಯುವಾಕೆಗೆ ಇಷ್ಟು ಸಾಕೇನು? ಉಳಿದ ತಿಂಗಳು ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕಬ್ಬಿನ ರವದಿ, ಕುಳ್ಳು.

ಯಾಕೆ ಹೀಗೆ? ನಮ್ಮ ಹೆಣ್ಣುಮಕ್ಕಳಿಗೆ ಗ್ಯಾಸಿನ ಬುದ್ಧಿ ಇಲ್ಲ ಎಂದು ಸಾಹೇಬರು ಬರೆಯುತ್ತಾರೆ. ಬುದ್ಧಿ ಇದೆ ಸ್ವಾಮಿ, ಒಮ್ಮೆಲೇ ಎಣಿಸಲು ರೊಕ್ಕ ಇಲ್ಲ. ಸಿಲಿಂಡರಿಗೆ ಮೊದಲು ಪೂರಾ ಬೆಲೆ ಕೊಡಬೇಕು, ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತದೆ. ರೈತನ ಕೈಗೆ ರೊಕ್ಕ ಬರುವುದು ವರ್ಷಕ್ಕೆ ಒಂದೆರಡು ಸಲ. ಹತ್ತಿ ಮಾರಿದಾಗ, ಸೋಯಾಬೀನು ಮಾರಿದಾಗ, ಕಬ್ಬಿನ ಬಿಲ್ಲು ಬಂದಾಗ. ಕಬ್ಬಿನ ಬಿಲ್ಲು ಹದಿನಾಲ್ಕು ದಿನದಲ್ಲಿ ಕೊಡಬೇಕು, ತಡವಾದರೆ ನೂರಕ್ಕೆ ಹದಿನೈದು ಬಡ್ಡಿ ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಡ್ಡಿ ಕಣ್ಣಿಂದ ಕಂಡವರು ಯಾರಾದರೂ ಇದ್ದರೆ ಈ ಪತ್ರಿಕೆಗೆ ಬರೆಯಿರಿ, ಮೊದಲ ಪುಟದಲ್ಲಿ ಹಾಕಿಸೋಣ. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ಕೇಳಿ ನಮ್ಮವರು ರಸ್ತೆಯಲ್ಲಿ ಕೂತರಲ್ಲ, ಆ ಹೋರಾಟಕ್ಕೂ ಅವರ ಮನೆಯ ಒಲೆಗೂ ಸಂಬಂಧವಿಲ್ಲ ಎಂದು ತಿಳಿಯಬೇಡ್ರಿ. ಬೆಳೆಗೆ ವೈಜ್ಞಾನಿಕ ಬೆಲೆ ಇಲ್ಲದವನ ಮನೆಯಲ್ಲಿ ಗ್ಯಾಸಿನ ಒಲೆ ಮೂಲೆಯಲ್ಲಿ ಬಟ್ಟೆ ಮುಚ್ಚಿಕೊಂಡು ಕೂತಿರುತ್ತದೆ.

ಖಾತೆಗೆ ಬಂದ ಸಬ್ಸಿಡಿ ಕೈಗೆ ಬರುತ್ತದೆ ಎಂಬ ಖಾತ್ರಿಯೂ ಇಲ್ಲ. 2024ರಲ್ಲಿ ಬರಪರಿಹಾರದ ರೊಕ್ಕವನ್ನೇ ಬ್ಯಾಂಕಿನವರು ಹಳೇ ಸಾಲಕ್ಕೆ ಜಮಾ ಮಾಡಿಕೊಳ್ಳುತ್ತಿದ್ದಾರೆ ಎಂದು ಊರೂರಲ್ಲಿ ಕೂಗೆದ್ದು, ಹಾಗೆ ಮಾಡಬೇಡಿ ಎಂದು ಸರ್ಕಾರವೇ ಬ್ಯಾಂಕುಗಳಿಗೆ ಹೇಳಬೇಕಾಯಿತು. ಮೊದಲು ನೀನು ಕೊಡು, ಪ್ರಯೋಜನ ಆಮೇಲೆ ಎಂಬುದು ಮಲಪ್ರಭೆಯ ದಂಡೆಯವರಿಗೆ ಹೊಸ ಮಾತಲ್ಲ. ಸವದತ್ತಿಯ ನವಿಲುತೀರ್ಥದಲ್ಲಿ ಡ್ಯಾಮು ಕಟ್ಟಿದರು. ನೀರು ಸರಿಯಾಗಿ ಹೊಲ ಮುಟ್ಟುವ ಮೊದಲೇ ಬೆಟರ್‌ಮೆಂಟ್ ಲೆವಿ ಕಟ್ಟೆಂದರು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ರೈತರು ಗುಂಡಿಗೆ ಬಿದ್ದದ್ದು ಆ ಅನ್ಯಾಯಕ್ಕೇ. ಸಿಲಿಂಡರಿನ ಸಬ್ಸಿಡಿಗೆ ಯಾರೂ ಗುಂಡು ಹೊಡೆಯುವುದಿಲ್ಲ, ಖರೆ, ಆದರೆ ನಿಯಮ ಬರೆಯುವವನ ತಲೆ ಅಂದಿನದೇ.

ಕುಳ್ಳಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಒಲೆಯಲ್ಲಿ ಸುಟ್ಟ ಕುಳ್ಳು ಅಂದರೆ ಹೊಲಕ್ಕೆ ಹೋಗದ ಗೊಬ್ಬರ. ತಿಪ್ಪೆ ಸಣ್ಣದಾದಷ್ಟೂ 1,350 ರೂಪಾಯಿಯ ಡಿಎಪಿ ಚೀಲ ಹೆಚ್ಚು ಬೇಕು, ಅದು ಬರುವುದು ಅಂಗಡಿಯ ಉದ್ರಿಯಲ್ಲಿ. ಕೆಟ್ಟ ಒಲೆಯ ಸಾಲವನ್ನು ಅಂಗಡಿಯವನ ವಹಿಯಲ್ಲಿ ಬರೆಯುತ್ತಾರೆ. ಗೋಬರ್ ಗ್ಯಾಸ್ ಇದಕ್ಕೆ ಒಳ್ಳೇ ಉಪಾಯ, ಸಂಶಯವಿಲ್ಲ, ಆದರೆ ದನ ಇದ್ದವನಿಗೆ, ಹಿತ್ತಲು ಇದ್ದವನಿಗೆ. ಎರಡೂ ಇಲ್ಲದ ಕೂಲಿಕಾರನಿಗೆ ಅದರ ಮಾತಾಡುವುದು ಹಾಸ್ಯ.

ಸೂರಿನ ಸಂಗತಿಗೆ ಬರೋಣ. ನಮ್ಮ ಹಳೇ ಮಾಳಿಗೆ ಮನೆಗಳು, ಮಣ್ಣಿನ ಮೇಲ್ಮುದ್ದೆ, ದಪ್ಪ ಗೋಡೆ, ಬೆಳಕಿಂಡಿ. ಏಪ್ರಿಲ್ ತಿಂಗಳಲ್ಲೂ ಒಳಗೆ ತಂಪು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ, ಸವದತ್ತಿಯ ಹಳ್ಳಿಗಳಲ್ಲಿ ಇಂಥ ಮಣ್ಣಿನ ಮನೆಗಳು ಸಾಲುಸಾಲಾಗಿ ಕುಸಿದವು. ಆಮೇಲೆ ಎದ್ದದ್ದು ತಗಡು, ಇಲ್ಲವೆ ತೆಳು ಸ್ಲ್ಯಾಬು. ಪ್ರಧಾನಮಂತ್ರಿ ಆವಾಸ ಯೋಜನೆಯಲ್ಲಿ ಬಯಲು ಸೀಮೆಯ ಹಳ್ಳಿ ಮನೆಗೆ ಗೊತ್ತು ಮಾಡಿದ ನೆರವು 1.20 ಲಕ್ಷ. ಅಷ್ಟರಲ್ಲಿ ತಂಪಿನ ಮಾತು ಯಾರು ಆಡಬೇಕು? ಮಧ್ಯಾಹ್ನ ತಗಡಿನ ಕೆಳಗೆ ಕೂಸು ಮಲಗಿಸಲಿಕ್ಕಾಗದೆ ಫ್ಯಾನು ಹಚ್ಚಿದರೆ ಆಗ ಯೂನಿಟ್ಟು ದಾಟಿತು ಅಂತಾರ. ತೆಲಂಗಾಣದವರು 2023ರಲ್ಲಿ ತಂಪು ಸೂರಿನ ನೀತಿ ಎಂದೇ ಒಂದನ್ನು ತಂದು, ಸರ್ಕಾರ ಬಡವರಿಗೆ ಕಟ್ಟಿಸುವ ಮನೆಗೆ ಅಂಥ ಸೂರು ಕಡ್ಡಾಯ ಎಂದರು. ಬಿಸಿಲನ್ನು ತಿರುಗಿಸಿ ಕಳಿಸುವ ಬಿಳಿ ಬಣ್ಣ ಬಳಿದರೂ ಸೂರಿನ ಕಾವು ಇಳಿಯುತ್ತದೆ. ನಮ್ಮ ವಸತಿ ಯೋಜನೆಯ ಬಿಲ್ಲಿನಲ್ಲಿ ಪಾಯಾಕ್ಕೆ ಇಷ್ಟು, ಲಿಂಟಲ್ಲಿಗೆ ಇಷ್ಟು, ಸೂರಿಗೆ ಇಷ್ಟು ಎಂದು ಕಂತು ಇರುತ್ತದೆ. ಒಂದು ಡಬ್ಬಿ ಬಿಳಿ ಬಣ್ಣಕ್ಕೆ ಜಾಗ ಮಾಡುವುದು ದೊಡ್ಡ ಕೆಲಸವೇ?

ಬಡವರಿಗೆ ಪುಕ್ಕಟೆ ಕೊಟ್ಟರೆ ಬೆಲೆ ತಿಳಿಯುವುದಿಲ್ಲ ಎಂದು ಪ್ಯಾಟಿಯ ಮಂದಿ ಹೇಳುತ್ತಾರೆ. ಅವರಿಗೆ ಎರಡೇ ಮಾತು. 2024ರ ಫೆಬ್ರವರಿಯಲ್ಲಿ ಸುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮಾಳಿಗೆಯ ಮೇಲೆ ಮೂರು ಕಿಲೋವ್ಯಾಟಿನ ಸೌರ ಫಲಕ ಹಾಕಿಸಿದವನಿಗೆ 78,000 ರೂಪಾಯಿ ಸಬ್ಸಿಡಿ. ಇದಕ್ಕೆ ಸ್ವಂತ ಮನೆ, ಗಟ್ಟಿ ಮಾಳಿಗೆ, ಮೇಲಿನ ಖರ್ಚಿಗೆ ರೊಕ್ಕ, ಇಲ್ಲವೆ ಬ್ಯಾಂಕಿನ ಸಾಲ ಬೇಕು. ಬೆಳೆಸಾಲ ಬಾಕಿ ಇದ್ದವನಿಗೆ ಯಾವ ಮ್ಯಾನೇಜರು ಇನ್ನೊಂದು ಸಾಲ ಕೊಡುತ್ತಾನೆ? ಎಪ್ಪತ್ತೆಂಟು ಸಾವಿರ ತೆಗೆದುಕೊಂಡವನಿಗೆ ಬೆಲೆ ತಿಳಿಯುತ್ತದಂತೆ, ಒಂದು ಫ್ಯಾನು ತೆಗೆದುಕೊಂಡವನಿಗೆ ತಿಳಿಯುವುದಿಲ್ಲವಂತೆ! ಎರಡನೆಯದು, ಬಂಡವಾಳಶಾಹಿಯ ತವರಾದ ಅಮೆರಿಕದಲ್ಲೇ ಎಣ್ಣೆಯ ಬೆಲೆ ಏರಿದ ಕಾಲದಲ್ಲಿ, 1976ರಲ್ಲಿ, ಬಡವರ ಮನೆ ಬೆಚ್ಚಗಿಡುವ ಕಾರ್ಯಕ್ರಮಕ್ಕೆ ಕಾನೂನು ಮಾಡಿದರು. ಕೆಲಸಗಾರರು ಮನೆಗೇ ಹೋಗಿ ಬಾಗಿಲು, ಕಿಟಕಿಯ ಸಂದಿ ಮುಚ್ಚುತ್ತಾರೆ, ಮಾಳಿಗೆಗೆ ಶಾಖ ತಡೆಯುವ ಪದರ ಹಾಕುತ್ತಾರೆ, ಮನೆಯವನಿಂದ ರೊಕ್ಕ ಕೇಳುವುದಿಲ್ಲ. ಬಾಡಿಗೆ ಮನೆಯವರಿಗೂ ಉಂಟು. ಅಲ್ಲಿ ಥಂಡಿ, ಇಲ್ಲಿ ಬಿಸಿಲು, ಅಷ್ಟೇ ಫರಕು.

ಸರ್ಕಾರಕ್ಕೆ ಇದರಲ್ಲಿ ಲುಕ್ಸಾನೂ ಇಲ್ಲ. ಗೃಹಜ್ಯೋತಿಯ ಪುಕ್ಕಟೆ ಯೂನಿಟ್ಟಿನ ರೊಕ್ಕವನ್ನು ಸರ್ಕಾರವೇ ಹೆಸ್ಕಾಂಗೆ ಕಟ್ಟಿಕೊಡುತ್ತದೆ. ಮಿತಿಯೊಳಗೆ ಸುಡುವ ಒಂದು ಮನೆಯಲ್ಲಿ ಹೊಸ ಫ್ಯಾನಿನಿಂದ ತಿಂಗಳಿಗೆ ಹದಿನಾರು ಯೂನಿಟ್ ಉಳಿದರೆ, ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಹಿಡಿದರೂ ನೂರರ ಸಮೀಪ. ಫ್ಯಾನು ತಿರುಗುವ ತಿಂಗಳು ವರ್ಷಕ್ಕೆ ಎಂಟು ಹಿಡಿಯಿರಿ. ಮೂರ್ನಾಲ್ಕು ವರ್ಷದಲ್ಲಿ ಫ್ಯಾನಿನ ರೊಕ್ಕ ಖಜಾನೆಗೇ ಹೊಳ್ಳಿ ಬಂತು. ಮೂವತ್ತರ ಮಿತಿಯವಳ ಮನೆಯಲ್ಲಿ ಉಳಿದದ್ದನ್ನು ಅವಳೇ ಮತ್ತೊಂದಕ್ಕೆ ಬಳಸಿದಳೆಂದರೆ ಬಳಸಲಿ, ಇಷ್ಟು ವರ್ಷ ಅವಳು ಬಿಟ್ಟುಕೊಟ್ಟದ್ದೇ ಬಹಳ.

ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ಹೋದ ವರ್ಷ ಎಷ್ಟು ಸುಟ್ಟೆ ಎಂದು ಕೇಳದೆ ಪ್ರತಿ ಮನೆಗೂ ಒಂದು ಕನಿಷ್ಠ ಪಾಲು ಗೊತ್ತು ಮಾಡಬೇಕು. ಹೊಸ ಕನೆಕ್ಷನ್ನಿನವರಿಗೆ 58 ಯೂನಿಟ್ ಎಂದು ಅವರೇ ಲೆಕ್ಕ ಹಾಕಿ ಕೊಟ್ಟಿದ್ದಾರೆ. ಹಳೇ ಮೀಟರಿನ ಬಡವಿಗೆ ಅದಕ್ಕಿಂತ ಕಡಿಮೆ ಯಾಕೆ? ಒಂದೇ ಮೀಟರಿನ ಹಿಂದೆ ಎಷ್ಟು ಪಡಿತರ ಚೀಟಿ ಇವೆಯೋ ಅಷ್ಟು ಮನೆ ಎಂದು ಎಣಿಸಬೇಕು. ನೂರರ ಒಳಗೆ ಸುಡುವ ಮನೆಗಳಿಗೆ ಫ್ಯಾನನ್ನು ಸಗಟು ಕೊಂಡು, ಹಳೇದನ್ನು ಕೆಟ್ಟಿದ್ದರೂ ಸರಿ ಇಸಕೊಂಡು, ಮನೆಬಾಗಿಲಲ್ಲಿ ಹಾಕಿಕೊಡಬೇಕು. ಸಿಲಿಂಡರಿನ ಸಬ್ಸಿಡಿಯನ್ನು ಖಾತೆಗಲ್ಲ, ಬೆಲೆಯಲ್ಲೇ ಮುರಿದು ಕೊಡಬೇಕು. ಐದು ಕಿಲೋದ ಸಣ್ಣ ಸಿಲಿಂಡರು ಉಜ್ವಲಾದಲ್ಲಿ ಉಂಟೆಂದು ಕಾಗದದಲ್ಲಿದೆ, ಅದು ಹೋಬಳಿಯಲ್ಲಿ ಸಿಗಬೇಕು. ಒಲೆ, ಕೊಳವೆ ರಿಪೇರಿಗೆ ಪ್ರತಿ ಪಂಚಾಯ್ತಿಯಲ್ಲಿ ಕಸಬು ಕಲಿತ ಒಬ್ಬ ಹೆಣ್ಣುಮಗಳಿಗೆ ಸಂಬಳದ ಕೆಲಸ ಕೊಡಬೇಕು.

ಇದನ್ನು ಓದಿ ಪತ್ರಿಕೆ ಮಡಚಿ ಇಡಬೇಡ್ರಿ. ಮುಂದಿನ ಗ್ರಾಮಸಭೆಗೆ ಮುಂಚೆ ನಿಮ್ಮ ಓಣಿಯ ಬಿಲ್ಲುಗಳನ್ನು ಒಂದು ಕಡೆ ಕೂಡಿಸ್ರಿ. ಯಾರ ಪಾಲು ಎಷ್ಟು ಯೂನಿಟ್, ಒಂದು ಮೀಟರಿಗೆ ಎಷ್ಟು ಸಂಸಾರ, ಫ್ಯಾನು ಯಾವುದು, ವರ್ಷಕ್ಕೆ ಎಷ್ಟು ಸಿಲಿಂಡರ್, ಸೂರು ಏನು, ಇಷ್ಟನ್ನೇ ಒಂದು ನೋಟುಬುಕ್ಕಿನಲ್ಲಿ ಬರೀರಿ. ದಲಿತ ಕೇರಿಯಿಂದ, ಹೊಲದ ಮನೆಗಳಿಂದ ಸುರು ಮಾಡ್ರಿ, ಊರ ನಡುವಿನ ಮನೆಗಳು ಆಮೇಲೆ. ಬರೆಯುವಾಗ ಮನೆಯ ಯಜಮಾನನ್ನಲ್ಲ, ಒಲೆಯ ಮುಂದೆ ಕೂತಾಕೆಯನ್ನು ಕೇಳ್ರಿ. ಒಂದು ಪ್ರತಿ ಪಂಚಾಯ್ತಿಗೆ ಕೊಟ್ಟು ಠರಾವಿನಲ್ಲಿ ಬರೆಸ್ರಿ, ಒಂದು ಹೆಸ್ಕಾಂ ಶಾಖಾ ಕಚೇರಿಗೆ ಕೊಟ್ಟು ಸಿಕ್ಕಾ ಹಾಕಿಸ್ರಿ, ಒಂದು ಸಂಘದ ಶಾಖೆಯಲ್ಲಿ ಇಟ್ಟುಕೊಳ್ರಿ. ಸಿಕ್ಕಾ ಹಾಕಲಿಕ್ಕೆ ಬರೋದಿಲ್ಲ, ನಾಳೆ ಬರ್ರಿ ಅಂದರೆ ಹೊಳ್ಳಿ ಬರಬೇಡ್ರಿ, ಅಲ್ಲೇ ಬಾಗಿಲಲ್ಲಿ ಕೂಡ್ರಿ. ರೊಟ್ಟಿ ಕಟ್ಟಿಕೊಂಡು ಹೋಗಿರ್ರಿ.